ನಾಚಿಕೆ ಬಿಡೋಣ, ಮೂತ್ರದ ಮಾತು ಆಡೋಣ

(ಶಿರಾಳಕೊಪ್ಪದ ಸುತ್ತಿನ ಊರುಗಳಲ್ಲಿ ಅಕ್ಷರ ಕಲಿತ ಹೆಣ್ಣುಮಕ್ಕಳ ಮುಂದೆ ಆಡಿದ ಮಾತು)





ಇವತ್ತು ನಾವು ಒಂದು ಬೇರೆ ಮಾತು ಆಡ್ತೀವಿ. ಇದು ಎಲ್ಲರ ಮನೆಯಲ್ಲೂ ಇರುವ ಮಾತು. ಆದರೆ ಯಾರ ಬಾಯಲ್ಲೂ ಬರದ ಮಾತು. ಅದು ಮೂತ್ರದ ಮಾತು.

ಕೆಲವರು ಮುಸಿಮುಸಿ ನಕ್ಕಿರಿ. ಕೆಲವರು ಸೆರಗು ಬಾಯಿಗೆ ಇಟ್ಟಿರಿ. ನಗ್ರಿ, ಪರವಾಗಿಲ್ಲ. ನಕ್ಕರೆ ಮಾತು ಹಗುರ ಆಗ್ತದೆ. ನಮ್ಮ ಕಡೆ ಇದನ್ನು ನೇರವಾಗಿ ಹೇಳೋದಿಲ್ಲ. "ಒಂದಕ್ಕೆ ಹೋಗಿ ಬರ್ತೀನಿ" ಅಂತೀವಿ. "ಹಿತ್ತಲ ಕಡೆ ಹೋಗಿದ್ದೆ" ಅಂತೀವಿ. ಹೆಸರು ಹೇಳೋಕೇ ನಾಚಿಕೆ. ಹೆಸರೇ ಹೇಳದಿದ್ದರೆ ನೋವು ಹೇಳೋದು ಹೇಗೆ? ಮದ್ದು ಕೇಳೋದು ಹೇಗೆ?

ಉಡುತಡಿ ನಮ್ಮ ಪಕ್ಕದ ಊರು. 12ನೇ ಶತಮಾನದ ಅಕ್ಕಮಹಾದೇವಿ ಹುಟ್ಟಿದ ಊರು ಅದು. ಎಂಟುನೂರು ವರ್ಷಗಳ ಹಿಂದೆಯೇ ಮೈಯ ನಾಚಿಕೆ ದಾಟಿ ಮಾತಾಡಿದ ಹೆಣ್ಣು ಆಕೆ. ಆ ನೆಲದವರು ನಾವು. ಮೈಯ ಕಷ್ಟವನ್ನು ಒಂದು ಕೋಣೆಯಲ್ಲಿ, ನಮ್ಮ ನಮ್ಮೊಳಗೆ, ಮಾತಾಡೋಕೆ ಹೆದರಬೇಕೇ?

ಮೂತ್ರಕೋಶ ಅಂದರೆ ಏನು?

ನಾವು ನೀರು ಕುಡೀತೀವಿ. ಊಟ ಮಾಡ್ತೀವಿ. ನೀರಿನ ಅಂಶ ರಕ್ತಕ್ಕೆ ಸೇರ್ತದೆ. ಬೆನ್ನಿನ ಎರಡೂ ಬದಿ ಒಂದೊಂದು ಮೂತ್ರಪಿಂಡ ಇದೆ. ಅವು ರಕ್ತವನ್ನು ಸೋಸುತ್ತವೆ. ಬೇಡದ ನೀರನ್ನು ಕೆಳಕ್ಕೆ ಕಳಿಸುತ್ತವೆ. ಅದೇ ಮೂತ್ರ. ಹೊಕ್ಕಳಿನ ಕೆಳಗೆ ಒಂದು ಚೀಲ ಇದೆ. ಮೂತ್ರ ಅಲ್ಲಿ ಬಂದು ತುಂಬಿಕೊಳ್ತದೆ. ಅದೇ ಮೂತ್ರಕೋಶ.

ಈ ಚೀಲ ಬಲೂನಿನ ಹಾಗೆ. ತುಂಬಿದ ಹಾಗೆಲ್ಲ ಹಿಗ್ಗುತ್ತದೆ. ಅದರಲ್ಲಿ ಸುಮಾರು 300ರಿಂದ 500 ಮಿಲಿ ಲೀಟರ್ ಹಿಡೀತದೆ. ಅಂದರೆ ದೊಡ್ಡ ಲೋಟದಲ್ಲಿ ಒಂದೂವರೆ, ಎರಡು ಲೋಟ. ಅರ್ಧ ತುಂಬುವಾಗ ಅದು ಮಿದುಳಿಗೆ ಸುದ್ದಿ ಕಳಿಸ್ತದೆ. "ಹೋಗೋ ಹೊತ್ತು ಬರ್ತಿದೆ" ಅನ್ನುತ್ತದೆ. ಮಿದುಳು "ತಡಿ, ಕೆಲಸ ಮುಗೀಲಿ" ಅನ್ನುತ್ತದೆ. ಚೀಲ ತಡೆದುಕೊಳ್ತದೆ. ಚೀಲದ ಬಾಯಿಗೆ ಬಿಗಿಯಾದ ಸ್ನಾಯು ಇದೆ. ಅದು ಬಾಗಿಲಿನ ಹಾಗೆ. ನಾವು ಕೂತು ಬಿಟ್ಟಾಗ ಮಾತ್ರ ಬಾಗಿಲು ತೆರೀತದೆ.

ಸಾಮಾನ್ಯವಾಗಿ ಹಗಲು 7–8 ಸಲದವರೆಗೆ ಹೋಗೋದು ಸಹಜ. ರಾತ್ರಿ ಒಂದು ಸಲ ಏಳೋದೂ ಸಹಜ.

ಆದರೆ ಕೆಲವರಿಗೆ ಹಾಗಲ್ಲ. ಚೀಲ ತುಂಬೋ ಮೊದಲೇ ಅದು ಹಿಂಡಿಕೊಳ್ತದೆ. ಮಿದುಳು "ತಡಿ" ಅಂದರೂ ಕೇಳೋದಿಲ್ಲ. ಇದ್ದಕ್ಕಿದ್ದ ಹಾಗೆ ಅವಸರ ಆಗ್ತದೆ. ತಡೆಯೋಕೆ ಆಗೋದಿಲ್ಲ. ಹೋದರೆ ಬರೋದು ಸ್ವಲ್ಪವೇ. ಮತ್ತೆ ಸ್ವಲ್ಪ ಹೊತ್ತಿಗೆ ಅದೇ ಅವಸರ. ರಾತ್ರಿ ಎರಡು, ಮೂರು, ನಾಲ್ಕು ಸಲ ಏಳಬೇಕು. ಕೆಲವರಿಗೆ ಬಚ್ಚಲು ತಲುಪೋ ಮೊದಲೇ ಸೀರೆ ಒದ್ದೆ ಆಗ್ತದೆ. ಮೂತ್ರದ ಸೋಂಕು ಇಲ್ಲ, ಸಕ್ಕರೆ ಕಾಯಿಲೆ ಇಲ್ಲ, ಬೇರೆ ಕಾರಣವೂ ಕಾಣೋದಿಲ್ಲ. ಆದರೂ ಹೀಗೆ ಆಗ್ತದೆ. ಇದಕ್ಕೆ ಮೂತ್ರಕೋಶದ ಅತಿ ಚುರುಕು ಅನ್ನಬಹುದು. 2002ರಲ್ಲಿ ಹಲವು ದೇಶಗಳ ವೈದ್ಯರ ಸಂಸ್ಥೆಯೊಂದು ಇದರ ಲಕ್ಷಣಗಳನ್ನು ಬರೆದು ಹೆಸರಿಟ್ಟಿತು. ಹೆಸರು ಆಗ ಬಂತು. ಕಷ್ಟ ಮಾತ್ರ ಮೊದಲಿಂದಲೂ ಇತ್ತು.

ಇದು ಒಬ್ಬಿಬ್ಬರ ಕಷ್ಟ ಅಲ್ಲ. ಅಮೆರಿಕಾದಲ್ಲಿ ಲೆಕ್ಕ ಮಾಡಿದರು. ಆ ಲೆಕ್ಕ 2003ರಲ್ಲಿ ಅಚ್ಚಾಯಿತು. 100 ಹೆಂಗಸರಲ್ಲಿ ಸುಮಾರು 17 ಮಂದಿಗೆ ಈ ತೊಂದರೆ ಇತ್ತು. ಗಂಡಸರಿಗೂ ಇತ್ತು. ಸಿರಿವಂತರ ದೇಶದಲ್ಲೂ ಇದೆ ಅಂದ ಮೇಲೆ, ಇದು ಬಡವರ ಶಾಪ ಅಲ್ಲ. ಯಾರ ಕಣ್ಣು ತಾಗಿದ್ದೂ ಅಲ್ಲ.

ಬಾಳು ಹೇಗೆ ಚಿಕ್ಕದಾಗ್ತದೆ ನೋಡ್ರಿ

ಇದರಿಂದ ಜೀವ ಹೋಗೋದಿಲ್ಲ. ಆದರೆ ಬಾಳು ಚಿಕ್ಕದಾಗ್ತದೆ. ಹೇಗೆ ಅಂತ ಕೇಳ್ರಿ.

ನಮ್ಮ ನಡುವೆ ಒಬ್ಬ ಅಕ್ಕ ಇದ್ದಾಳೆ ಅನ್ನಿ. ಹೆಸರು ಬೇಡ. ಅವಳು ಯಾರ ಮನೆಯವಳೂ ಆಗಬಹುದು.

ಆ ಅಕ್ಕ ಮೊದಲು ಸಂತೆಗೆ ಹೋಗೋದು ಬಿಡ್ತಾಳೆ. "ಮಗನೇ, ನೀನೇ ತಂದುಬಿಡು" ಅಂತಾಳೆ. ಕಾರಣ ಹೇಳೋದಿಲ್ಲ. ಆಮೇಲೆ ಮದುವೆಗೆ ಹೋಗೋದು ಬಿಡ್ತಾಳೆ. ಶಿಕಾರಿಪುರದ ಹುಚ್ಚರಾಯಸ್ವಾಮಿ ತೇರಿಗೆ ಬರೋದಿಲ್ಲ. ಚಂದ್ರಗುತ್ತಿ ಜಾತ್ರೆಗೂ ಬರೋದಿಲ್ಲ. ಮಗಳನ್ನು ಕೊಟ್ಟ ಊರಿಗೆ ಹೋಗಿ ವರ್ಷ ಆಯ್ತು. ಬೀಗರ ಮನೆಯಲ್ಲಿ ರಾತ್ರಿ ನಾಲ್ಕು ಸಲ ಎದ್ದರೆ ಏನಂದುಕೊಂಡಾರು ಅನ್ನೋ ಹೆದರಿಕೆ. ಹಾಸಿಗೆ ಒದ್ದೆ ಆದರೆ ಏನು ಗತಿ ಅನ್ನೋ ಹೆದರಿಕೆ. ಮಗಳು ಅಂದುಕೊಳ್ತಾಳೆ, "ಅವ್ವನಿಗೆ ನನ್ನ ಮೇಲೆ ಪ್ರೀತಿ ಇಲ್ಲ."

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡು ಉಳೀತು. ಧರ್ಮಸ್ಥಳ, ಬನವಾಸಿ, ಎಲ್ಲಿಗೆ ಬೇಕಾದರೂ ಹೋಗಬಹುದು. ಆದರೆ ಈ ಅಕ್ಕನಿಗೆ ಶಿರಾಳಕೊಪ್ಪದಿಂದ ಶಿವಮೊಗ್ಗದವರೆಗೆ ಬಸ್ಸಿನಲ್ಲಿ ಕೂರೋ ಧೈರ್ಯ ಇಲ್ಲ. ಸರ್ಕಾರ ಬಿಟ್ಟರೂ ಮೂತ್ರಕೋಶ ಬಿಡಲಿಲ್ಲ.

ಕೆಲಸದ ಮಾತು ನೋಡ್ರಿ. ಅಡಿಕೆ ಸುಲಿಯೋವಾಗ ಸಾಲಾಗಿ ಕೂರ್ತೀವಿ. ಸುಲಿದಷ್ಟು ಕೂಲಿ. ಗಂಟೆಗೆ ಎರಡು ಸಲ ಎದ್ದು ಹೋದರೆ ಕೂಲಿ ಕಡಿಮೆ. ಜೊತೆಯವರು ಕಣ್ಣು ಹಾಕ್ತಾರೆ. ನಾಟಿ ಗದ್ದೆಯಲ್ಲಿ, ಮೆಕ್ಕೆಜೋಳದ ಹೊಲದಲ್ಲಿ ಮರೆ ಸಿಗೋದೇ ಕಷ್ಟ. ಅದಕ್ಕೆ ಆ ಅಕ್ಕ ನೀರು ಕುಡಿಯೋದನ್ನೇ ಬಿಡ್ತಾಳೆ. ಬಿಸಿಲಲ್ಲಿ ತಲೆ ಸುತ್ತುತ್ತದೆ. ಮೂತ್ರ ಹಳದಿ ಆಗ್ತದೆ, ಗಟ್ಟಿ ಆಗ್ತದೆ. ಗಟ್ಟಿ ಮೂತ್ರ ಚೀಲವನ್ನು ಇನ್ನಷ್ಟು ಕೆರಳಿಸುತ್ತದೆ. ಮಲಬದ್ಧತೆ ಬರ್ತದೆ. ಸೋಂಕು ತಗಲೋದೂ ಸುಲಭ ಆಗ್ತದೆ. ನೀರು ಬಿಟ್ಟರೆ ಕಷ್ಟ ಕಮ್ಮಿ ಆಗೋದಿಲ್ಲ, ಹೆಚ್ಚಾಗ್ತದೆ.

ದೇವರ ಮುಂದೆಯೂ ಇದೇ ಸಂಕಟ. ಒಬ್ಬ ತಾಯಿ ಮಡಿ ಉಟ್ಟು ದೀಪ ಹಚ್ಚೋಕೆ ಕೂತಿರ್ತಾಳೆ. ಹನಿ ಬೀಳ್ತದೆ. ಮತ್ತೆ ಸ್ನಾನ, ಮತ್ತೆ ಮಡಿ. ಇನ್ನೊಬ್ಬ ತಾಯಿ ವುಜೂ ಮಾಡಿ ನಮಾಜಿಗೆ ನಿಂತಿರ್ತಾಳೆ. ಹನಿ ಬೀಳ್ತದೆ. ಮತ್ತೆ ವುಜೂ. ಇಬ್ಬರ ದೇವರ ಮನೆ ಬೇರೆ. ಕಣ್ಣೀರು ಒಂದೇ.

ರಾತ್ರಿ ನಿದ್ದೆ ಇಲ್ಲ. ಹಗಲು ಮೈ ಭಾರ, ಸಿಟ್ಟು ಬೇಗ. ಕತ್ತಲಲ್ಲಿ ಅವಸರದಿಂದ ಓಡೋವಾಗ ಹೊಸ್ತಿಲು ಎಡವಿ ಬೀಳೋದು ಉಂಟು. ವಯಸ್ಸಾದವರು ಬಿದ್ದರೆ ಸೊಂಟದ ಮೂಳೆ ಮುರೀತದೆ. ಗಂಡನ ಹತ್ತಿರ ಮಲಗೋಕೂ ಮುಜುಗರ. "ನನ್ನ ಮೈ ವಾಸನೆ ಬರ್ತದೇನೋ" ಅಂತ ದೂರ ಕೂರ್ತಾಳೆ. ಮೊಮ್ಮಗು ತೊಡೆ ಏರಿದರೂ ಹೆದರ್ತಾಳೆ.

ಕೊನೆಗೆ ಆ ಅಕ್ಕ ಮನೆ, ಬಚ್ಚಲು, ಹಿತ್ತಲು, ಇಷ್ಟರಲ್ಲೇ ಉಳೀತಾಳೆ. ಊರು ಅನ್ನುತ್ತದೆ, "ಅವಳಿಗೆ ಗರ್ವ ಬಂದಿದೆ." ಗರ್ವ ಅಲ್ಲ, ತಾಯಂದಿರೇ. ಸಂಕಟ.

ಎಲ್ಲ ಮೂತ್ರದ ತೊಂದರೆಯೂ ಒಂದೇ ಅಲ್ಲ

ಇದನ್ನು ಸರಿಯಾಗಿ ತಿಳೀಬೇಕು. ಯಾಕಂದರೆ ಮದ್ದು ಬೇರೆ ಬೇರೆ.

1. ಇದ್ದಕ್ಕಿದ್ದಂತೆ ಅವಸರ, ಮತ್ತೆ ಮತ್ತೆ ಹೋಗೋದು: ಇದು ಚುರುಕು ಮೂತ್ರಕೋಶ ಇರಬಹುದು.

2. ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ಕೊಡ ಎತ್ತಿದಾಗ ಹನಿ ಬೀಳೋದು: ಇದು ಬಾಗಿಲಿನ ಸ್ನಾಯು ಸಡಿಲ ಆದದ್ದು. ಹೆರಿಗೆ ಆದವರಲ್ಲಿ ಹೆಚ್ಚು. ಕೆಲವರಿಗೆ ಎರಡೂ ಸೇರಿ ಇರ್ತದೆ.

3. ಉರಿ, ನೋವು, ಜ್ವರ: ಇದು ಸೋಂಕು ಇರಬಹುದು. ಮೂತ್ರ ಪರೀಕ್ಷೆ ಆಗಬೇಕು.

4. ಬಾಯಾರಿಕೆ ಹೆಚ್ಚು, ಪ್ರತಿ ಸಲವೂ ತುಂಬಾ ಮೂತ್ರ: ಸಕ್ಕರೆ ಕಾಯಿಲೆ ಇರಬಹುದು. ರಕ್ತ ಪರೀಕ್ಷೆ ಆಗಬೇಕು.

5. ಕಷ್ಟದ ಹೆರಿಗೆ ಆದ ಮೇಲೆ ಹಗಲೂ ರಾತ್ರಿ ಸೋರುತ್ತಲೇ ಇರೋದು: ಮೂತ್ರಕೋಶದಲ್ಲಿ ತೂತು ಬಿದ್ದಿರಬಹುದು. ಇದಕ್ಕೆ ಆಪರೇಷನ್ ಬೇಕು. ಮಾಡಿಸಿದರೆ ಬಹಳ ಮಂದಿಗೆ ವಾಸಿ ಆಗ್ತದೆ.

6. ಕೆಳಗೆ ಏನೋ ಇಳಿದ ಹಾಗೆ, ಗಂಟು ಕೈಗೆ ಸಿಕ್ಕ ಹಾಗೆ: ಗರ್ಭಕೋಶ ಜಾರಿರಬಹುದು. ವೈದ್ಯರಿಗೆ ತೋರಿಸಬೇಕು.

ಮುಟ್ಟು ನಿಂತ ಮೇಲೆ ಅವಸರ ಹೆಚ್ಚಾಗೋದು ಉಂಟು. ಆದರೆ "ವಯಸ್ಸಾಯ್ತು, ಹಣೆಬರಹ" ಅಂತ ಸುಮ್ಮನೆ ಇರಬೇಕಾಗಿಲ್ಲ. ವಯಸ್ಸಾದವರಿಗೂ ಮದ್ದು ಇದೆ.

ನೀವು ಕಲಿತ ಅಕ್ಷರವೇ ಮೊದಲ ಮದ್ದು

ಇದು ತಮಾಷೆ ಮಾತಲ್ಲ. ದೊಡ್ಡ ಆಸ್ಪತ್ರೆಯ ವೈದ್ಯರೂ ಮೊದಲು ಇದನ್ನೇ ಕೇಳ್ತಾರೆ. "ಮೂರು ದಿನದ ಲೆಕ್ಕ ಬರೆದು ತನ್ನಿ" ಅಂತಾರೆ. ಅಕ್ಷರ ಬಾರದವರು ಇನ್ನೊಬ್ಬರ ಕೈಲಿ ಬರೆಸಬೇಕು. ಇಂಥ ಗುಟ್ಟಿನ ಲೆಕ್ಕ ಯಾರ ಕೈಲಿ ಬರೆಸೋದು? ನಿಮಗೆ ಆ ಕಷ್ಟ ಇಲ್ಲ. ನಿಮ್ಮ ಕೈ ಇದೆ, ಪೆನ್ಸಿಲ್ ಇದೆ.

ಹೀಗೆ ಮಾಡ್ರಿ. ಐದು ಗುರುತು ಸಾಕು.

ನೀ ಅಂದರೆ ನೀರು ಕುಡಿದೆ.
ಚ ಅಂದರೆ ಚಹಾ ಕುಡಿದೆ.
ಮೂ ಅಂದರೆ ಮೂತ್ರಕ್ಕೆ ಹೋದೆ.
ಅ ಅಂದರೆ ಅವಸರ ಆಯ್ತು.
ಹ ಅಂದರೆ ಹನಿ ಬಿತ್ತು.

ಎಡಗಡೆ ಗಂಟೆ ಬರೀರಿ. ಬಲಗಡೆ ಗುರುತು ಹಾಕ್ರಿ.

ಬೆಳಿಗ್ಗೆ 6 – ಮೂ
6-30 – ಚ
7-15 – ಮೂ, ಅ
8 – ಚ
8-30 – ಮೂ, ಅ, ಹ
10 – ನೀ

ಮೂರು ದಿನ ಬರೆದರೆ ಕಣ್ಣಿಗೆ ಕಾಣ್ತದೆ. ಮೇಲಿನ ಲೆಕ್ಕ ನೋಡ್ರಿ. ಎರಡು ಸಲವೂ ಚಹಾ ಕುಡಿದ ಮೇಲೆ ಅವಸರ ಬಂದಿದೆ. ಯಾರೂ ಹೇಳಬೇಕಾಗಿಲ್ಲ. ನಿಮ್ಮ ಹಾಳೆಯೇ ಹೇಳ್ತದೆ.

ಇನ್ನೊಂದು ಲಾಭ ಇದೆ. ವೈದ್ಯರ ಮುಂದೆ ಬಾಯಿ ಕಟ್ಟಿದರೆ ಆ ಹಾಳೆ ಕೊಡ್ರಿ. ಬಾಯಿ ಆಡದ ಮಾತನ್ನು ಹಾಳೆ ಆಡ್ತದೆ.

ಮನೆಯಲ್ಲೇ ಮಾಡುವ ಉಪಾಯ

ಒಂದು. ನೀರು ಬಿಡಬೇಡಿ. ದಿನಕ್ಕೆ 6–8 ಲೋಟ ಬೇಕು. ಬಿಸಿಲಲ್ಲಿ ದುಡಿಯೋರಿಗೆ ಇನ್ನೂ ಹೆಚ್ಚು ಬೇಕು. ಒಂದೇ ಸಲ ಚೊಂಬು ಎತ್ತಬೇಡಿ. ಸ್ವಲ್ಪ ಸ್ವಲ್ಪ ಕುಡೀರಿ. ರಾತ್ರಿ ಮಲಗೋ ಎರಡು ಗಂಟೆ ಮೊದಲು ಕಮ್ಮಿ ಮಾಡ್ರಿ.

ಎರಡು. ಚಹಾ, ಕಾಫಿ ಕಮ್ಮಿ ಮಾಡ್ರಿ. ಐದು ಲೋಟ ಕುಡಿಯೋರು ಎರಡಕ್ಕೆ ಇಳೀರಿ. ಸಂಜೆ ಮೇಲೆ ಬೇಡ.

ಮೂರು. ಮಲಬದ್ಧತೆ ಆಗದ ಹಾಗೆ ನೋಡಿಕೊಳ್ರಿ. ಸೊಪ್ಪು, ಕಾಳು, ಹಣ್ಣು ತಿನ್ರಿ. ಮಲ ಕಟ್ಟಿದರೆ ಅದು ಮೂತ್ರಕೋಶವನ್ನು ಒತ್ತುತ್ತದೆ.

ನಾಲ್ಕು. ಅವಸರ ಬಂದಾಗ ಓಡಬೇಡಿ. ಓಡಿದರೆ ಅವಸರ ಜಾಸ್ತಿ ಆಗ್ತದೆ. ನಿಂತುಬಿಡಿ, ಇಲ್ಲವೇ ಕೂತುಬಿಡಿ. ಕೆಳಗಿನ ಸ್ನಾಯುವನ್ನು ಐದಾರು ಸಲ ಬೇಗ ಬೇಗ ಬಿಗಿ ಮಾಡಿ ಬಿಡ್ರಿ. ಉಸಿರು ನಿಧಾನ ಎಳೀರಿ. ಮನಸ್ಸಿನಲ್ಲಿ ಎರಡರ ಮಗ್ಗಿ ಹೇಳ್ರಿ. ಅವಸರ ಅಲೆಯ ಹಾಗೆ ಬಂದು ಇಳೀತದೆ. ಇಳಿದ ಮೇಲೆ ನಿಧಾನ ನಡೆದು ಹೋಗ್ರಿ.

ಐದು. ಚೀಲಕ್ಕೆ ಪಾಠ ಕಲಿಸ್ರಿ. ನಿಮ್ಮ ಹಾಳೆಯಲ್ಲಿ ಗಂಟೆಗೊಂದು ಸಲ ಹೋಗ್ತಿದ್ದೀರಿ ಅಂತ ಇದೆ. ಆಗ ಒಂದು ಗಂಟೆ ಕಾಲಕ್ಕೆ ಹೋಗ್ರಿ. ಒಂದು ವಾರ ಹಾಗೆ ಮಾಡ್ರಿ. ಮುಂದಿನ ವಾರ ಒಂದೂವರೆ ಗಂಟೆ. ಹೀಗೆ ಎರಡೂವರೆ, ಮೂರು ಗಂಟೆಗೆ ತನ್ನಿ. ಒಂದು ದಿನಕ್ಕೆ ಆಗೋದಿಲ್ಲ. ಆರು ವಾರ, ಎರಡು ತಿಂಗಳು ಹಿಡೀತದೆ. ನಾವು 'ಅ' ಕಲಿತ ದಿನವೇ ಪೇಪರ್ ಓದಿದೆವೇ? ಇದೂ ಹಾಗೆ.

ಆದರೆ ಒಂದು ಎಚ್ಚರ. ಈ ಪಾಠ ಮತ್ತೆ ಮತ್ತೆ ಓಡೋರಿಗೆ ಮಾತ್ರ. ಬೆಳಿಗ್ಗೆ ಹೋಗಿ ಕತ್ತಲಾಗೋವರೆಗೆ ತಡೆದುಕೊಳ್ಳೋರು ಉಂಟು. ಅವರು ತಡೀಬಾರದು. ಅವರು ಮೂರು ನಾಲ್ಕು ಗಂಟೆಗೊಮ್ಮೆ ಹೋಗಲೇಬೇಕು. ಉರಿ, ಜ್ವರ ಇದ್ದವರೂ ತಡೀಬಾರದು.

ಆರು. ಕೆಳಗಿನ ಸ್ನಾಯುವಿನ ವ್ಯಾಯಾಮ. ಅಮೆರಿಕಾದ ಸ್ತ್ರೀರೋಗ ವೈದ್ಯರು ಆರ್ನಾಲ್ಡ್ ಕೆಗೆಲ್. ಅವರು 1948ರಲ್ಲಿ ಇದನ್ನು ಬರೆದು ತಿಳಿಸಿದರು. ಖರ್ಚಿಲ್ಲ. ಯಾರಿಗೂ ಕಾಣೋದಿಲ್ಲ. ನಾಲ್ಕು ಜನರ ನಡುವೆ ಗಾಳಿ ಹೋಗದ ಹಾಗೆ ತಡೀತೀವಲ್ಲ, ಹಾಗೆ ಬಿಗಿ ಮಾಡ್ರಿ. ಜೊತೆಗೆ ಮೂತ್ರದ ದಾರಿಯನ್ನೂ ಮೇಲಕ್ಕೆ ಎಳೆದುಕೊಳ್ರಿ. ಹೊಟ್ಟೆ, ತೊಡೆ ಬಿಗಿ ಮಾಡಬೇಡಿ. ಉಸಿರು ಕಟ್ಟಬೇಡಿ. ಐದು ಎಣಿಸ್ರಿ. ಸಡಿಲ ಬಿಡ್ರಿ. ಮತ್ತೆ ಐದು ಎಣಿಸ್ರಿ. ಮೊದಲು ಐದು ಆಗದಿದ್ದರೆ ಎರಡು, ಮೂರು ಎಣಿಸಿದರೂ ಸಾಕು. ಹೀಗೆ 10 ಸಲ. ದಿನಕ್ಕೆ 3 ಹೊತ್ತು. ರೊಟ್ಟಿ ಬಡಿಯೋವಾಗ ಮಾಡಬಹುದು. ಬಸ್ಸಿಗೆ ಕಾಯೋವಾಗ ಮಾಡಬಹುದು. ಮೂರು ತಿಂಗಳು ಬಿಡದೆ ಮಾಡ್ರಿ. ಮೂತ್ರ ಮಾಡೋವಾಗ ಮಾತ್ರ ಈ ವ್ಯಾಯಾಮ ಬೇಡ.

ಏಳು. ರಾತ್ರಿ ದಾರಿಯಲ್ಲಿ ಒಂದು ಸಣ್ಣ ದೀಪ ಇರಲಿ. ಬ್ಯಾಟರಿ ತಲೆ ಹತ್ತಿರ ಇರಲಿ. ಬಚ್ಚಲು ದೂರ ಇದ್ದರೆ ವಯಸ್ಸಾದವರ ಕೋಣೆಯಲ್ಲಿ ಮುಚ್ಚಳ ಇರೋ ಬಕೆಟ್ ಇಡ್ರಿ. ಒದ್ದೆ ಬಟ್ಟೆ ಬೇಗ ಬದಲಿಸ್ರಿ. ಬಟ್ಟೆಯನ್ನು ಬಿಸಿಲಲ್ಲಿ ಒಣಗಿಸ್ರಿ.

ಆಸ್ಪತ್ರೆಗೆ ಯಾವಾಗ?

ಮೂತ್ರದಲ್ಲಿ ರಕ್ತ ಬಂದರೆ ಕಾಯಬೇಡಿ. ಉರಿ, ಜ್ವರ, ಬೆನ್ನು ನೋವು ಬಂದರೆ ಕಾಯಬೇಡಿ. ಚೀಲ ತುಂಬಿದರೂ ಮೂತ್ರ ಬಾರದಿದ್ದರೆ ಕೂಡಲೇ ಹೋಗ್ರಿ. ಕಾಲು ಜೋಮು ಹಿಡಿದು, ಬಲ ಕಮ್ಮಿಯಾಗಿ, ಮೂತ್ರ ಗೊತ್ತಾಗದೆ ಹೋದರೆ ಕೂಡಲೇ ಹೋಗ್ರಿ. ಇವು ಯಾವುದೂ ಇಲ್ಲದಿದ್ದರೂ, ಮೂರು ತಿಂಗಳು ಉಪಾಯ ಮಾಡಿ ಗುಣ ಕಾಣದಿದ್ದರೆ ಹೋಗ್ರಿ.

ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗ್ರಿ. ಮೂತ್ರ ಪರೀಕ್ಷೆ, ಸಕ್ಕರೆ ಪರೀಕ್ಷೆ ಮಾಡ್ತಾರೆ. ಹೆಚ್ಚಿನದು ಬೇಕಾದರೆ ಶಿಕಾರಿಪುರ ಇದೆ, ಸೊರಬ ಇದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ. ಊರಿನ ಆಶಾ ಕಾರ್ಯಕರ್ತೆಗೆ ಹೇಳ್ರಿ. ಅವಳೂ ಹೆಣ್ಣು. ಅವಳಿಗೆ ತಿಳೀತದೆ.

ಚೀಲವನ್ನು ಶಾಂತ ಮಾಡೋ ಮಾತ್ರೆಗಳಿವೆ. ಗುಣ ಕಾಣೋಕೆ ಕೆಲವು ವಾರ ಬೇಕು. ಕೆಲವು ಮಾತ್ರೆಗೆ ಬಾಯಿ ಒಣಗ್ತದೆ, ಮಲ ಗಟ್ಟಿ ಆಗ್ತದೆ. ವಯಸ್ಸಾದವರಿಗೆ ಮರೆವು ಬರಬಹುದು. ಹಾಗಾದರೆ ವೈದ್ಯರಿಗೆ ಹೇಳ್ರಿ. ಬೇರೆ ಮಾತ್ರೆ ಕೊಡ್ತಾರೆ. ಬಿ.ಪಿ.ಯ ಕೆಲವು ಮಾತ್ರೆಗಳಿಂದಲೂ ಮೂತ್ರ ಹೆಚ್ಚಾಗ್ತದೆ. ಅದನ್ನು ನೀವೇ ನಿಲ್ಲಿಸಬೇಡಿ. "ಯಾವ ಹೊತ್ತಿಗೆ ನುಂಗಲಿ?" ಅಂತ ಕೇಳ್ರಿ. ಪಕ್ಕದ ಮನೆಯವರ ಮಾತ್ರೆ ನುಂಗಬೇಡಿ.

ಮನೆಯವರಿಗೆ, ಊರಿನವರಿಗೆ

ಮನೆಯವರಿಗೆ ಒಂದು ಮಾತು. ಅತ್ತೆ ರಾತ್ರಿ ಎದ್ದರೆ ಗೊಣಗಬೇಡಿ. ಸೊಸೆ ಮತ್ತೆ ಮತ್ತೆ ಎದ್ದು ಹೋದರೆ "ಕೆಲಸ ಕಳ್ಳಿ" ಅನ್ನಬೇಡಿ. ಬಸ್ಸಿನಲ್ಲಿ ಹೆಂಗಸರು "ಸ್ವಲ್ಪ ನಿಲ್ಲಿಸ್ರಿ ಅಣ್ಣಾ" ಅಂದರೆ ನಗಬೇಡಿ.

ಊರಿಗೂ ಒಂದು ಮಾತು. ಮದ್ದು ಅರ್ಧ ನಮ್ಮ ಕೈಲಿದೆ. ಇನ್ನರ್ಧ ಶೌಚಾಲಯದಲ್ಲಿದೆ. ಸಂತೆ, ಬಸ್ ನಿಲ್ದಾಣ, ಕೆಲಸದ ಜಾಗ, ಎಲ್ಲ ಕಡೆ ಹೆಂಗಸರಿಗೆ ಶೌಚಾಲಯ ಬೇಕು. ಕಟ್ಟಿದರೆ ಸಾಲದು. ಒಳಗೆ ನೀರು, ದೀಪ, ಚಿಲಕ ಬೇಕು. ಬೀಗ ಹಾಕಿ ಇಡಬಾರದು.

ಇದು ಭಿಕ್ಷೆ ಅಲ್ಲ, ಹಕ್ಕು. 2011ರಲ್ಲಿ ಮುಂಬಯಿಯ ಹೆಂಗಸರು ಇದಕ್ಕಾಗಿಯೇ ಚಳವಳಿ ಶುರು ಮಾಡಿದರು. ಅಲ್ಲಿ ಆಗ ಗಂಡಸರಿಗೆ ಮೂತ್ರಕ್ಕೆ ದುಡ್ಡಿರಲಿಲ್ಲ, ಹೆಂಗಸರಿಗೆ ದುಡ್ಡಿತ್ತು. "ಇದು ಯಾವ ನ್ಯಾಯ?" ಅಂತ ಕೇಳಿದರು. 2025ರ ಜನವರಿ 15ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ದೇಶದ ಎಲ್ಲ ಕೋರ್ಟುಗಳಲ್ಲೂ ಹೆಂಗಸರಿಗೆ ಬೇರೆ ಶೌಚಾಲಯ ಇರಬೇಕು ಅಂದಿತು. ಶೌಚಾಲಯ ಬರೀ ಅನುಕೂಲದ ಮಾತಲ್ಲ, ಮನುಷ್ಯರ ಮೂಲ ಹಕ್ಕು ಅಂದಿತು. ಕೋರ್ಟಿಗೆ ಬರೋ ಹೆಣ್ಣಿಗೆ ಇರೋ ಹಕ್ಕು ಸಂತೆಗೆ ಬರೋ ಹೆಣ್ಣಿಗೂ ಬೇಡವೇ?

ನಮಗೆ ಈಗ ಅರ್ಜಿ ಬರೆಯೋಕೆ ಬರ್ತದೆ. ಹತ್ತು ಜನ ಸೇರಿ ಒಂದು ಅರ್ಜಿ ಬರೆಯೋಣ. ಹೆಬ್ಬೆಟ್ಟು ಒತ್ತೋದು ಬೇಡ, ಸಹಿ ಹಾಕೋಣ.

ತಾಯಂದಿರೇ, ನಮ್ಮ ಮಾತು ಮುಗೀತು. ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡ್ರಿ. ನಿಮ್ಮ ಅವ್ವನನ್ನೋ, ಅತ್ತೆಯನ್ನೋ, ಅಕ್ಕನನ್ನೋ ಮೆಲ್ಲಗೆ ಕೇಳ್ರಿ. "ನಿಮಗೆ ಹೀಗೆ ಆಗ್ತದೇನು?" ಅಂತ. ಅವರು ಮೊದಲು "ಇಲ್ಲ" ಅಂದಾರು. ಸ್ವಲ್ಪ ಹೊತ್ತು ಪಕ್ಕದಲ್ಲೇ ಕೂತಿರ್ರಿ.

ಓದಿ, ಯೋಚಿಸಿ, ಬರೆಯಿರಿ

1. ಮೂತ್ರಕೋಶದಲ್ಲಿ ಎಷ್ಟು ಮೂತ್ರ ಹಿಡಿಯುತ್ತದೆ?
2. ನೀರು ಕುಡಿಯುವುದು ಬಿಟ್ಟರೆ ಏನಾಗುತ್ತದೆ?
3. ಅವಸರ ಬಂದಾಗ ಓಡಬಾರದು. ಯಾಕೆ?
4. ನಿಮ್ಮ ಒಂದು ದಿನದ ಲೆಕ್ಕವನ್ನು ನೀ, ಚ, ಮೂ, ಅ, ಹ ಗುರುತು ಹಾಕಿ ಬರೆಯಿರಿ. ಯಾರಿಗೂ ತೋರಿಸಬೇಕಾಗಿಲ್ಲ.
5. ನಿಮ್ಮ ಊರಿನಲ್ಲಿ ಹೆಂಗಸರ ಶೌಚಾಲಯ ಎಲ್ಲೆಲ್ಲಿ ಬೇಕು? ಗುಂಪಿನಲ್ಲಿ ಮಾತಾಡಿ, ಐದು ಸಾಲಿನ ಅರ್ಜಿ ಬರೆಯಿರಿ.